ಸಹಾಯ ಬೇಕು: ವಜ್ರದ ಓಲೆಗೆ ಇ-ಎಫ್ ಬಣ್ಣವೇ ಬೇಕಾ, ಜಿ-ಎಚ್ ಸಾಕಾ?

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು. ಮಗಳ ಮದುವೆಗೆ ಏಳು ಕಲ್ಲಿನ ವಜ್ರದ ಓಲೆ ತೆಗೆದುಕೊಳ್ಳಬೇಕು. ಎರಡು ವರ್ಷ ಚೀಟಿ ಕಟ್ಟಿ ಕೂಡಿಟ್ಟ ದುಡ್ಡು, ಅದಕ್ಕೇ ಇಷ್ಟು ಯೋಚನೆ.

ಹೋದ ಶನಿವಾರ ಮೈಸೂರಿನ ಅಶೋಕ ರಸ್ತೆಯಲ್ಲಿ ಎರಡು ಅಂಗಡಿ ನೋಡಿದೆವು. ಒಬ್ಬರು ಇ-ಎಫ್ ಬಣ್ಣ ತೋರಿಸಿದರು, ಇನ್ನೊಬ್ಬರು ಜಿ-ಎಚ್. ಶುದ್ಧತೆ ಎರಡರಲ್ಲೂ ವಿವಿಎಸ್ (ಅಂದರೆ ಕಲ್ಲಿನೊಳಗಿನ ಕಲೆ ತೀರಾ ಸಣ್ಣದು, ಕಾಣುವುದೇ ಕಷ್ಟ), ತೂಕವೂ ಹೆಚ್ಚುಕಡಿಮೆ ಒಂದೇ. ಬೆಲೆಯಲ್ಲಿ ಮಾತ್ರ 18 ಸಾವಿರ ವ್ಯತ್ಯಾಸ.

ವಜ್ರದ ಬಣ್ಣಕ್ಕೆ ಇಂಗ್ಲಿಷ್ ಅಕ್ಷರದ ದರ್ಜೆ ಕೊಡುತ್ತಾರೆ, ಡಿ ಇಂದ ಝಡ್ ಕಡೆಗೆ ಹೋದಷ್ಟೂ ಹಳದಿ ಜಾಸ್ತಿ, ಡಿ-ಇ-ಎಫ್ ಅಂದರೆ ಬಣ್ಣವೇ ಇಲ್ಲದ ಕಲ್ಲು, ಜಿ ಇಂದ ಜೆ ತನಕ ಬಣ್ಣ ಇಲ್ಲ ಅನ್ನುವಷ್ಟು ಕಡಿಮೆ. ಇಷ್ಟು ಅರ್ಥವಾಗಿದೆ. ಆದರೆ ಅಂಗಡಿಯ ದೀಪದ ಕೆಳಗೆ ಎಲ್ಲವೂ ಒಂದೇ ಥರ ಮಿಂಚುತ್ತವೆ. ಬಿಡಿ ಕಲ್ಲನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿಸಿ, ಬಾಗಿಲ ಹತ್ತಿರದ ಬೆಳಕಿನಲ್ಲಿ ಪಕ್ಕದಿಂದ ನೋಡಿದೆ. ಜಿ-ಎಚ್‌ನಲ್ಲಿ ಚೂರು ಹಳದಿ ಕಂಡ ಹಾಗಾಯಿತು. ಅದೇ ಬಣ್ಣದ ಕಲ್ಲು ಕೂರಿಸಿದ ಓಲೆಯನ್ನು ಮಗಳ ಕಿವಿಗೆ ಹಿಡಿದರೆ ಏನೂ ಗೊತ್ತಾಗಲಿಲ್ಲ! ಹಳದಿ ಚಿನ್ನದಲ್ಲಿ ಕೂರಿಸಿದರೆ ಕಲ್ಲಿನ ಹಳದಿ ಮರೆಯಾಗುತ್ತದೆ ಅಂತ ಒಬ್ಬರು. ಕೊಟ್ಟರೆ ಇ-ಎಫ್‌ಗೇ ಕೊಡಿ ಅಂತ ಇನ್ನೊಬ್ಬರು. ಇಬ್ಬರೂ ಮಾರುವವರೇ ಅಲ್ವಾ, ಯಾರ ಮಾತು ನಂಬೋದು?

ಇಂಥ ಓಲೆ ಹಾಕಿಕೊಳ್ಳುವವರು, ವಜ್ರದ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ. ಹಳದಿ ಚಿನ್ನದಲ್ಲಿ ಕೂರಿಸಿದ ಜಿ-ಎಚ್ ಕಲ್ಲು ಹಗಲು ಬೆಳಕಿನಲ್ಲಿ ಎದುರಿಗೆ ನಿಂತವರಿಗೆ ಹಳದಿಯಾಗಿ ಕಾಣುತ್ತದಾ? ಆ 18 ಸಾವಿರ ಕೊಡಬೇಕಾ, ಬೇಡವಾ? ಬುಧವಾರ ಮುಂಗಡ ಕೊಡಬೇಕು.