ಆರೂವರೆ ತಿಂಗಳ ಮಗು, ಮೊಟ್ಟೆ ತಿಂದ ಮೇಲೆ ಗಂದೆ: ಉಳಿದ ಆಹಾರ ಶುರು ಮಾಡುವುದು ಹೇಗೆ?

ಚಿಕ್ಕಚಮಚ (ಪ್ರಶ್ನೆ):

ಮಗುವಿಗೆ ಆರೂವರೆ ತಿಂಗಳು. ಇಲ್ಲಿವರೆಗೆ ಎದೆಹಾಲು ಮಾತ್ರ, ಪುಡಿಹಾಲು ಕೊಟ್ಟಿಲ್ಲ. ಕೆನ್ನೆ ಮತ್ತು ಮೊಣಕೈ ಮಡಿಕೆಯಲ್ಲಿ ಎಸ್ಜಿಮಾ (ಒಣಗಿ ಕೆಂಪಾಗಿ ತುರಿಸುವ ಚರ್ಮ) ಇದೆ. ಸ್ಟೀರಾಯ್ಡ್ ಕ್ರೀಮ್ ಹಚ್ಚಿದರೆ ಇಳಿಯುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ. ತರಕಾರಿ, ಹಣ್ಣು ಎಲ್ಲ ಸರಿಹೋಗಿದೆ. ಮೊಟ್ಟೆಯನ್ನು ಕಲಕಿ ಮೆತ್ತಗೆ ಬೇಯಿಸಿ ಎರಡು ಚಮಚ ಕೊಟ್ಟಾಗ ಇಪ್ಪತ್ತು ನಿಮಿಷಕ್ಕೆಲ್ಲ ಬಾಯಿ ಸುತ್ತ, ಕುತ್ತಿಗೆ, ಎದೆ ಮೇಲೆ ಗಂದೆ ಎದ್ದವು, ಒಂದು ಸಲ ವಾಂತಿಯೂ ಆಯಿತು. ಉಸಿರಾಟಕ್ಕೆ ತೊಂದರೆ ಆಗಲಿಲ್ಲ. ಒಂದು ಗಂಟೆಯೊಳಗೆ ಎಲ್ಲ ಇಳಿಯಿತು. ಅಲರ್ಜಿ ಡಾಕ್ಟರನ್ನು ನೋಡಲು ಇನ್ನೂ ಮೂರು ವಾರ ಇದೆ.

ಅಲ್ಲಿವರೆಗೆ ಹಾಲು, ಗೋಧಿ, ಕಡಲೆಕಾಯಿ, ಎಳ್ಳು, ಮೀನು ಎಲ್ಲವನ್ನೂ ನಿಲ್ಲಿಸಬೇಕಾ? ಮೊಟ್ಟೆಯನ್ನು ಇನ್ನೂ ಚಿಕ್ಕ ಪ್ರಮಾಣದಲ್ಲಿ ಕೊಟ್ಟು ನೋಡಬಹುದಾ? ನಾನು ಮೊಟ್ಟೆ ತಿನ್ನುವುದನ್ನೂ ಬಿಡಬೇಕಾ?

ಮೊದಲತುತ್ತು:

ಮೊಟ್ಟೆಯನ್ನು ಮನೆಯಲ್ಲಿ ಮತ್ತೆ ಪ್ರಯತ್ನಿಸಬೇಡಿ, ಕೇಕ್ ಬಿಸ್ಕತ್ತಿನ ರೂಪದಲ್ಲೂ ಬೇಡ. ತಿಂದ ಅರ್ಧ ಗಂಟೆಯೊಳಗೆ ಗಂದೆ, ಜೊತೆಗೆ ವಾಂತಿ ಅಂದರೆ ಚರ್ಮ ಮತ್ತು ಹೊಟ್ಟೆ ಎರಡೂ ಪ್ರತಿಕ್ರಿಯಿಸಿವೆ. ಐಜಿಇ ಬಗೆಯ (ಐಜಿಇ ಎಂದರೆ ಅಲರ್ಜಿ ಎಬ್ಬಿಸುವ ರಕ್ತದ ಪ್ರತಿಕಾಯ) ಅಲರ್ಜಿ ಹೀಗೇ ಇರುತ್ತದೆ: ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಶುರು. ಈ ಸಲ ಹಗುರವಾಗಿ ಹೋಯಿತೆಂದು ಮುಂದಿನ ಸಲವೂ ಹಾಗೇ ಹೋಗುತ್ತದೆ ಎನ್ನುವಂತಿಲ್ಲ. ಚೆನ್ನಾಗಿ ಬೇಕ್ ಮಾಡಿದ ಮೊಟ್ಟೆಯನ್ನು ಇಂಥ ಹೆಚ್ಚಿನ ಮಕ್ಕಳು ತಡೆದುಕೊಳ್ಳುತ್ತಾರೆ ಎನ್ನುವುದು ನಿಜ. ಮೊಟ್ಟೆಯ ಒವಾಲ್ಬುಮಿನ್ ಎಂಬ ಪ್ರೋಟೀನ್ ಶಾಖಕ್ಕೆ ರೂಪ ಕೆಡಿಸಿಕೊಳ್ಳುತ್ತದೆ. ಆದರೆ ಒವೊಮ್ಯೂಕಾಯ್ಡ್ ಎಂಬ ಇನ್ನೊಂದು ಪ್ರೋಟೀನ್ ಸುಲಭಕ್ಕೆ ಜಗ್ಗುವುದಿಲ್ಲ. ನಿಮ್ಮ ಮಗು ಇವೆರಡರಲ್ಲಿ ಯಾವುದಕ್ಕೆ ಸಿಡಿಮಿಡಿ ಅಂತ ಅಡುಗೆಮನೆಯಲ್ಲಿ ನಿಂತು ತಿಳಿಯಲಾಗದು.

ಎದೆಹಾಲು ಕುಡಿದಾಗ ಇದುವರೆಗೆ ಮಗುವಿಗೆ ಏನೂ ಆಗಿಲ್ಲವಾದರೆ ನೀವು ಮೊಟ್ಟೆ ಬಿಡುವುದು ಬೇಡ. ಮಗುವನ್ನು ಮುಟ್ಟುವ ಮೊದಲು ಕೈ, ಬಾಯಿ ತೊಳೆದುಕೊಂಡರೆ ಸಾಕು.

ಉಳಿದದ್ದನ್ನು ನಿಲ್ಲಿಸಬೇಡಿ. ಕಡಲೆಕಾಯಿ ಒಂದಕ್ಕೆ ಮಾತ್ರ ಕಾಯಿರಿ. 2017ರ ಅಮೆರಿಕದ ಮಾರ್ಗಸೂಚಿಯ ಪ್ರಕಾರ ತೀವ್ರ ಎಸ್ಜಿಮಾ ಅಥವಾ ಮೊಟ್ಟೆ ಅಲರ್ಜಿ ಇರುವ ಮಗುವಿಗೆ ಮೊದಲು ಕಡಲೆಕಾಯಿಯ ಸ್ಕಿನ್ ಪ್ರಿಕ್ (ಆಹಾರದ ಹನಿಯಿಟ್ಟು ಚರ್ಮಕ್ಕೆ ಮೆಲ್ಲಗೆ ಚುಚ್ಚಿ ಉಬ್ಬು ಏಳುತ್ತದೆಯೇ ನೋಡುವುದು) ಅಥವಾ ರಕ್ತಪರೀಕ್ಷೆ, ಆಮೇಲೆ ಮೊದಲ ಚಮಚ. ಪ್ರಿಕ್ ಟೆಸ್ಟಿನ ಉಬ್ಬು 2 ಮಿ.ಮೀ. ಮೀರದಿದ್ದರೆ ಮನೆಯಲ್ಲೇ ಕೊಡಬಹುದು. 3ರಿಂದ 7 ಇದ್ದರೆ ಕ್ಲಿನಿಕ್ಕಿನಲ್ಲಿ, ಡಾಕ್ಟರ ಕಣ್ಣೆದುರಿಗೆ. 8 ಅಥವಾ ಹೆಚ್ಚು ಇದ್ದರೆ ಅಲರ್ಜಿ ಇರುವ ಸಾಧ್ಯತೆಯೇ ಹೆಚ್ಚು. ಕೆಲವು ದೇಶಗಳಲ್ಲಿ ಪರೀಕ್ಷೆಯಿಲ್ಲದೆಯೂ ಶುರು ಮಾಡಿಸುತ್ತಾರೆ. ನಿಮಗೆ ಅಪಾಯಿಂಟ್‌ಮೆಂಟ್ ಮೂರೇ ವಾರಕ್ಕೆ ಇರುವಾಗ ಕಾಯುವುದೇ ಸರಿ. ಮೂರು ವಾರ ಮೂರು ತಿಂಗಳಾಗದಂತೆ ನೋಡಿಕೊಳ್ಳಿ, ಅಷ್ಟೆ.

ಹಾಲು, ಗೋಧಿ, ಎಳ್ಳು, ಮೀನಿಗೆ ಹೀಗೆ ಮಾಡಿ. ಮಕ್ಕಳ ಡಾಕ್ಟರಿಗೆ ಒಂದು ಫೋನ್ ಮಾಡಿ ಈ ಘಟನೆ ಹೇಳಿ, ಅವರು ಸರಿ ಅಂದ ಮೇಲೆ ಶುರು ಮಾಡಿ. ಜ್ವರ, ಶೀತ, ಭೇದಿ ಇರುವ ದಿನ ಬೇಡ. ಲಸಿಕೆ ಹಾಕಿಸಿದ ದಿನವೂ ಬೇಡ, ಏನಾದರೂ ಆದರೆ ಯಾವುದರಿಂದ ಆಯಿತೆಂದು ಗೊತ್ತಾಗುವುದಿಲ್ಲ. ಬೆಳಿಗ್ಗೆ ಕೊಡಿ, ಮುಂದಿನ ಎರಡು ಗಂಟೆ ಮಗು ಎಚ್ಚರವಾಗಿ ನಿಮ್ಮ ಕಣ್ಣಮುಂದೆ ಇರುವ ಹಾಗೆ. ಈಗಾಗಲೇ ಒಗ್ಗಿರುವ ತರಕಾರಿ ಪೇಸ್ಟಿನಲ್ಲಿ ಬೆರೆಸಿ ಚಮಚದ ತುದಿಯಷ್ಟು ಬಾಯಿಗಿಡಿ, ಹತ್ತು ನಿಮಿಷ ಕಾಯಿರಿ. ಏನೂ ಇಲ್ಲವೆಂದರೆ ಕಾಲು ಟೀ ಚಮಚ. ಮರುದಿನ ಅರ್ಧ, ಆಮೇಲೆ ಒಂದು, ಎರಡು. ಎರಡು ಟೀ ಚಮಚ ನಿರಾಳವಾಗಿ ತಿಂದ ಮೇಲೆ ಮುಂದಿನ ಆಹಾರಕ್ಕೆ ಹೋಗಿ.

ಹಾಲನ್ನು ಸಕ್ಕರೆ ಹಾಕದ ಮೊಸರಿನ ರೂಪದಲ್ಲಿ ಕೊಡಿ. ಕುಡಿಯುವ ಹಾಲಾಗಿ ಹಸುವಿನ ಹಾಲು ಒಂದು ವರ್ಷದ ನಂತರ. ಎಳ್ಳನ್ನು ಇಡಿಯಾಗಿ ಕೊಟ್ಟರೆ ಸಿಪ್ಪೆ ಸಮೇತ ಹಾಗೇ ಹೊರಬಂದುಬಿಡಬಹುದು, ಆಗ ಒಗ್ಗಿತೋ ಇಲ್ಲವೋ ತಿಳಿಯದು. ನುಣ್ಣಗೆ ಅರೆದು ನೀರಾಗಿಸಿ. ಮೀನಿಗೆ ಮುಳ್ಳು ತೆಗೆದು ಪೂರ್ತಿ ಬೇಯಿಸಿ.

ಕಾದುನೋಡಿ:

ಇಷ್ಟೆಲ್ಲ ಯಾಕೆ? ಒಂದು ವರ್ಷ ತುಂಬಲಿ, ಹೊಟ್ಟೆ ಗಟ್ಟಿಯಾಗಲಿ. ಅಷ್ಟರೊಳಗೆ ನಲವತ್ತು ಐವತ್ತು ಆಹಾರಗಳ ರಕ್ತಪರೀಕ್ಷೆ ಒಂದೇ ಸಲ ಮಾಡಿಸಿ, ಪಾಸಿಟಿವ್ ಬಂದದ್ದನ್ನೆಲ್ಲ ಬಿಟ್ಟರೆ ಮುಗಿಯಿತು.

ಒಣಚರ್ಮ:

ಕಾಯಿರಿ ಎನ್ನುವ ಸಲಹೆ ಹಳೆಯದು. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಅಲರ್ಜಿ ಅಪಾಯ ಇರುವ ಮಕ್ಕಳಿಗೆ ಮೊಟ್ಟೆ ಎರಡು ವರ್ಷದ ಮೇಲೆ, ಕಡಲೆಕಾಯಿ ಮೂರರ ಮೇಲೆ ಎಂದಿತ್ತು. ಆಧಾರ ಸಾಲದೆಂದು 2008ರಲ್ಲಿ ಆ ಮಾತು ಬಿಟ್ಟಿತು. ಕಡಲೆಕಾಯಿಯನ್ನು ಬೇಗ ತಿನ್ನಿಸಿದರೆ ಏನಾಗುತ್ತದೆಂದು ನೋಡಿ 2015ರಲ್ಲಿ ಪ್ರಕಟವಾದ ಲಂಡನ್ನಿನ ಲೀಪ್ ಅಧ್ಯಯನದಲ್ಲಿ ತೀವ್ರ ಎಸ್ಜಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳಿದ್ದವು. ಪ್ರಿಕ್ ಟೆಸ್ಟ್ ನೆಗೆಟಿವ್ ಇದ್ದವರ ಪೈಕಿ ಐದನೇ ವರ್ಷಕ್ಕೆ ಕಡಲೆಕಾಯಿ ಅಲರ್ಜಿ ಬಂದದ್ದು ತಿನ್ನದ ಗುಂಪಿನಲ್ಲಿ ಶೇ. 13.7, ತಿಂದ ಗುಂಪಿನಲ್ಲಿ ಶೇ. 1.9.

ಐವತ್ತು ಆಹಾರಗಳ ರಕ್ತಪರೀಕ್ಷೆ ದುಡ್ಡು ದಂಡ, ಹಾನಿಯೂ ಹೌದು. ಎಸ್ಜಿಮಾ ಇರುವ ಮಕ್ಕಳ ರಕ್ತದಲ್ಲಿ ಐಜಿಇ ಎಷ್ಟೋ ಆಹಾರಗಳಿಗೆ ಸಿಗುತ್ತದೆ, ತಿಂದರೆ ಏನೂ ಆಗುವುದಿಲ್ಲ. ಆ ಪಟ್ಟಿ ನೋಡಿ ನೆಮ್ಮದಿಯಾಗಿ ತಿನ್ನುತ್ತಿದ್ದ ಹಾಲು, ಗೋಧಿ ನಿಲ್ಲಿಸಿದರೆ ಇದ್ದ ಸಹನೆಯೂ ಹೋಗಿ, ತಿಂಗಳುಗಳ ನಂತರ ಮತ್ತೆ ಕೊಟ್ಟಾಗ ನಿಜವಾದ ಅಲರ್ಜಿ ಕಾಣಿಸಿಕೊಳ್ಳಬಹುದು. ನಿಮ್ಮ ಮಗುವಿಗೆ ಬೇಕಾದದ್ದು ಮೊಟ್ಟೆ, ಕಡಲೆಕಾಯಿಯ ಪರೀಕ್ಷೆ ಅಷ್ಟೆ. ಅದರಾಚೆ ಏನು ಬೇಕೆಂದು ಡಾಕ್ಟರೇ ಹೇಳಲಿ.

ಇಲ್ಲಿ ಯಾರೂ ಎತ್ತದ ಮಾತು ಚರ್ಮದ್ದು. ಬಿರುಕುಬಿಟ್ಟ ಚರ್ಮದ ಮೂಲಕ ಒಳಹೋದ ಆಹಾರದ ಕಣ ಅಲರ್ಜಿಯ ಕಡೆಗೆ ಎಳೆಯುತ್ತದೆ, ಬಾಯಿಂದ ಹೋದದ್ದು ಸಹನೆಯ ಕಡೆಗೆ. ಹಾಗಾಗಿ ಎಸ್ಜಿಮಾ ಹತೋಟಿಗೆ ತರುವುದೂ ಆಹಾರ ಶುರು ಮಾಡುವ ಕೆಲಸದ ಭಾಗವೇ. "ಬಿಟ್ಟರೆ ಮತ್ತೆ ಏಳುತ್ತದೆ" ಅಂದಿರಿ. ಸಾಮಾನ್ಯವಾಗಿ ಕೆಂಪು ಇಳಿಯುವ ಮುಂಚೆಯೇ ಹೆದರಿ ಕ್ರೀಮ್ ನಿಲ್ಲಿಸಿದಾಗ ಹೀಗಾಗುತ್ತದೆ. ಮುಟ್ಟಿದರೆ ನುಣುಪಾಗುವವರೆಗೆ ಹಚ್ಚಿ ಆಮೇಲೆ ಹೇಗೆ ಕಡಿಮೆ ಮಾಡಬೇಕೆಂದು ಡಾಕ್ಟರನ್ನು ಕೇಳಿ. ವಾಸನೆಯಿಲ್ಲದ ಮಾಯಿಶ್ಚರೈಸರ್ ದಿನಕ್ಕೆರಡು ಸಲ, ಕೈ ತೊಳೆದು. ಕಡಲೆಕಾಯಿ, ಬಾದಾಮಿ, ಎಳ್ಳಿನ ಎಣ್ಣೆಗಳನ್ನು ಮೈಗೆ ತಿಕ್ಕಬೇಡಿ. "ಮೊದಲು ಕೈಗೆ ಹಚ್ಚಿ ನೋಡಿ, ಆಮೇಲೆ ತಿನ್ನಿಸಿ" ಎಂಬ ಸಲಹೆಯನ್ನಂತೂ ಕಿವಿಗೇ ಹಾಕಿಕೊಳ್ಳಬೇಡಿ.

ಚಿಕ್ಕಚಮಚ:

ಟೊಮೇಟೊ ಕೊಟ್ಟಾಗಲೂ ಬಾಯಿ ಸುತ್ತ ಕೆಂಪಾಗಿತ್ತು. ಅದೂ ಅಲರ್ಜಿಯಾ? ಮತ್ತೆ ಕಡಲೆಕಾಯಿ ಸರಿ ಅಂದರೆ ಎಷ್ಟು ಕೊಡಬೇಕು?

ಮೊದಲತುತ್ತು:

ಚಪ್ಪಟೆಯಾಗಿ, ಉಬ್ಬಿಲ್ಲದೆ, ಆಹಾರ ತಾಗಿದ ಜಾಗದಲ್ಲಷ್ಟೇ ಕೆಂಪಾಗಿ ಸ್ವಲ್ಪ ಹೊತ್ತಿಗೆ ಮಾಯವಾದರೆ ಅದು ಹುಳಿಯ ಉರಿ. ಟೊಮೇಟೊ, ಕಿತ್ತಳೆ, ಸ್ಟ್ರಾಬೆರಿ ಎಲ್ಲ ಹೀಗೆ ಮಾಡುತ್ತವೆ. ಊಟಕ್ಕೆ ಮುಂಚೆ ಬಾಯಿ ಸುತ್ತ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರಿ, ಆದ ಮೇಲೆ ಉಜ್ಜದೆ ಒದ್ದೆ ಬಟ್ಟೆಯಿಂದ ಒತ್ತಿ ಒರೆಸಿ. ಸೊಳ್ಳೆ ಕಚ್ಚಿದ ಹಾಗೆ ಉಬ್ಬಿದ ಗಂದೆ, ಆಹಾರ ತಾಗದ ಹೊಟ್ಟೆ ಬೆನ್ನಿನ ಮೇಲೂ ಬಂದರೆ ಕಥೆ ಬೇರೆ.

ಕಡಲೆಕಾಯಿಗೆ ಗುರಿ ವಾರಕ್ಕೆ ಸುಮಾರು 6 ಗ್ರಾಂ ಪ್ರೋಟೀನ್, ಮೂರು ಸಲಕ್ಕೆ ಹಂಚಿ. ಒಂದು ಸಲಕ್ಕೆ ನುಣುಪಾದ ಪೀನಟ್ ಬಟರ್ 2 ಟೀ ಚಮಚ, ಅದಕ್ಕೆ 2–3 ಟೀ ಚಮಚ ಬಿಸಿನೀರು ಬೆರೆಸಿ ಗಂಟಿಲ್ಲದೆ ಕಲಕಿ, ಆರಿಸಿ ಕೊಡಿ. ಮೊದಲ ಸಲ ಮೇಲೆ ಹೇಳಿದ ಹಾಗೆ ತುದಿಯಿಂದ. ದಪ್ಪ ಮುದ್ದೆಯಾಗಿ ಕೊಟ್ಟರೆ ಅಂಗುಳಕ್ಕೆ ಅಂಟಿ ಉಸಿರು ಕಟ್ಟಬಹುದು, ಇಡೀ ಕಾಳು ನಾಲ್ಕೈದು ವರ್ಷದವರೆಗೆ ಬೇಡವೇ ಬೇಡ. ಬಹಳ ಮಂದಿ ಎಡವುವುದು ಇದಾದ ಮೇಲೆ: ಒಂದು ಸಲ ಸರಿಹೋಯಿತೆಂದು ಖುಷಿಪಟ್ಟು ಎರಡು ತಿಂಗಳು ಮರೆತುಬಿಡುತ್ತಾರೆ. ಒಗ್ಗಿದ ಆಹಾರ ವಾರವಾರ ತಟ್ಟೆಯಲ್ಲಿರಬೇಕು.

ಗಡಿಯಾರ:

ಅಲರ್ಜಿಯಲ್ಲಿ ಇನ್ನೊಂದು ಬಗೆ ಇದೆ, ಎಫ್‌ಪಿಐಇಎಸ್ ಅಂತ, ಆಹಾರದ ಪ್ರೋಟೀನಿಗೆ ಕರುಳು ತಡವಾಗಿ ಕೆರಳುವುದು. ಗಂದೆ ಇರುವುದಿಲ್ಲ. ತಿಂದ ಒಂದರಿಂದ ನಾಲ್ಕು ಗಂಟೆಯ ನಂತರ ಮೇಲಿಂದ ಮೇಲೆ ವಾಂತಿ, ಮಗು ಬಿಳಚಿಕೊಂಡು ಜೋತುಬೀಳುತ್ತದೆ, ಕೆಲವು ಸಲ ಆಮೇಲೆ ಭೇದಿ. ಹಾಲು, ಸೋಯಾ ಅಷ್ಟೇ ಅಲ್ಲ, ಯಾರೂ ಶಂಕಿಸದ ಅಕ್ಕಿ, ಓಟ್ಸ್ ಕೂಡ ಇದನ್ನು ತರುತ್ತವೆ. ಪ್ರಿಕ್ ಟೆಸ್ಟಿನಲ್ಲಿ ಸಾಮಾನ್ಯವಾಗಿ ಏನೂ ಕಾಣದು, ಹೊಟ್ಟೆ ಕೆಟ್ಟಿದೆ ಅಂದುಕೊಂಡು ಎರಡನೇ ಸಲ ಕೊಟ್ಟಾಗಲೇ ಗೊತ್ತಾಗುವುದು. ಅದಕ್ಕೇ ತಿಂದ ಸಮಯ, ಪ್ರಮಾಣ, ಹೇಗೆ ಬೇಯಿಸಿದ್ದು, ಲಕ್ಷಣ ಶುರುವಾದ ಸಮಯ ಬರೆದಿಡಿ, ಗಂದೆಯ ಫೋಟೊ ತೆಗೆಯಿರಿ. ಡಾಕ್ಟರಿಗೆ ಪರೀಕ್ಷೆಗಿಂತ ಈ ಚೀಟಿ ಹೆಚ್ಚು ಹೇಳುತ್ತದೆ.

ಬಿಡದ ಕೆಮ್ಮು, ಉಬ್ಬಸ, ಅಳು ಗೊಗ್ಗರಾಗುವುದು, ನಾಲಿಗೆ ಊತ, ಬಿಳಚಿ ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಂಬುಲೆನ್ಸ್ ಕರೆಯಿರಿ. ಮಗುವನ್ನು ಹೆಗಲ ಮೇಲೆ ನೇರವಾಗಿ ಎತ್ತಿಕೊಳ್ಳಬೇಡಿ, ರಕ್ತದೊತ್ತಡ ಇನ್ನೂ ಕುಸಿಯುತ್ತದೆ. ಅಡ್ಡಡ್ಡ ಮಲಗಿಸಿ ಹಿಡಿಯಿರಿ. ಇಂಥ ತೀವ್ರ ಅಲರ್ಜಿಗೆ ಔಷಧ ಅಡ್ರಿನಾಲಿನ್ ಚುಚ್ಚುಮದ್ದು, ತೊಡೆಯ ಹೊರಬದಿಯ ಮಧ್ಯಕ್ಕೆ. ಅಲರ್ಜಿ ಸಿರಪ್ ತುರಿಕೆ ಇಳಿಸುತ್ತದೆ, ಉಸಿರನ್ನು ಉಳಿಸುವುದಿಲ್ಲ. ಹೊಸ ಆಹಾರಕ್ಕೆ ಮುಂಚೆ "ಯಾವುದಕ್ಕೂ ಇರಲಿ" ಎಂದು ಸಿರಪ್ ಕುಡಿಸಲೂ ಬೇಡಿ, ಮೊದಲ ಎಚ್ಚರಿಕೆಯೇ ಮುಚ್ಚಿಹೋಗುತ್ತದೆ. ಮನೆಯಲ್ಲಿ ಅಡ್ರಿನಾಲಿನ್ ಪೆನ್ ಇಡಬೇಕಾ, ಈ ತೂಕಕ್ಕೆ ಯಾವ ಡೋಸ್ ಅಂತ ಅಪಾಯಿಂಟ್‌ಮೆಂಟಿನಲ್ಲಿ ಕೇಳಿ, ಕ್ರಮವನ್ನು ಬರೆಸಿಕೊಂಡೇ ಬನ್ನಿ.

ಮೊಟ್ಟೆ ಅಲರ್ಜಿ ಎಂದು ದಡಾರದ ಎಂಎಂಆರ್ ಲಸಿಕೆ ತಪ್ಪಿಸಬೇಡಿ. ಅದಕ್ಕೂ ಇದಕ್ಕೂ ಅಡ್ಡಿಯಿಲ್ಲ.