ಬೇಸಿಗೆಗೆ ರಾಗಿ ಅಂಬಲಿ: ಗಂಟು ಕಟ್ಟುತ್ತೆ, ಹುಳಿಯ ಹದವೂ ಸಿಗುತ್ತಿಲ್ಲ

ಹಿತ್ತಲಬಾಗಿಲು (ಪ್ರಶ್ನೆ):
ಬಿಸಿಲು ಕಾಲ ಮುಗಿಯೋವರೆಗೂ ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಊಟಕ್ಕೆ ತಂಬುಳಿ ಅಂತ ಮಾಡ್ಕೊಂಡಿದೀವಿ. ಆದರೆ ಕುದಿಯೋ ನೀರಿಗೆ ಹಿಟ್ಟು ಬಿದ್ದ ಕೂಡಲೇ ಗಂಟಾಗುತ್ತೆ. ರಾತ್ರಿ ಮುಚ್ಚಿಟ್ಟಿದ್ದು ಒಂದು ದಿನ ಸಪ್ಪೆ, ಇನ್ನೊಂದು ದಿನ ಬಾಯಿಗಿಡೋಕಾಗದಷ್ಟು ಹುಳಿ. ಶುಗರ್ ಇರೋ ಅತ್ತೆಗೆ ಕೊಡಬಹುದಾ?

ಮಡಕೆ:
ಒಣ ಹಿಟ್ಟು ಬಿಸಿನೀರಿಗೆ ಬಿದ್ದರೆ ಹೊರಪದರ ತಕ್ಷಣ ಬೆಂದು ಅಂಟಾಗುತ್ತೆ, ಒಳಗೆ ನೀರು ಹೋಗೋದೇ ಇಲ್ಲ. ಗಂಟು ಅಂದರೆ ಅದೇ. ನಾಲ್ಕು ಜನಕ್ಕೆ ಅರ್ಧ ಲೋಟ ಹಿಟ್ಟು (ಸುಮಾರು 60 ಗ್ರಾಂ) ತಗೊಂಡು ಒಂದು ಲೋಟ ತಣ್ಣೀರಲ್ಲಿ ಕೈಯಲ್ಲೇ ಕದಡಿ. ನಾಲ್ಕು ಲೋಟ ನೀರು ಕುದಿ ಬಂದಾಗ ಉರಿ ತಗ್ಗಿಸಿ, ಒಂದು ಕೈಯಲ್ಲಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ತಿರುವುತ್ತಿರಿ. ಕದಡಿದ ಹಿಟ್ಟು ಬೇಗ ತಳಕ್ಕೆ ಕೂರುತ್ತೆ, ಸುರಿಯೋ ಮುಂಚೆ ಮತ್ತೊಮ್ಮೆ ಕಲಕಿ. ಸಣ್ಣ ಉರಿಯಲ್ಲಿ 8-10 ನಿಮಿಷ. ಹಸಿ ವಾಸನೆ ಹೋಗಿ ಹೊಳಪು ಬಂದರೆ ಬೆಂದಿದೆ. ಹೊಟ್ಟೆ ಉಬ್ಬರಿಸುತ್ತೆ ಅನ್ನೋರು ಹೆಚ್ಚಾಗಿ ಅರೆಬೆಂದದ್ದನ್ನೇ ಕುಡಿದಿರುತ್ತಾರೆ.

ಹುಳಿಯನ್ನು ತೀರ್ಮಾನಿಸೋದು ಗಡಿಯಾರ ಅಲ್ಲ, ನಿಮ್ಮೂರಿನ ರಾತ್ರಿಯ ಸೆಕೆ. ಬೆರಳಿಟ್ಟರೆ ಉಗುರುಬೆಚ್ಚಗೆ ಅನಿಸುವಷ್ಟು ಆರಿದ ಮೇಲೆ ಎರಡು ಚಮಚ ಮಜ್ಜಿಗೆ ಬೆರೆಸಿ. ಬಿಸಿ ಇರುವಾಗಲೇ ಹಾಕಿದರೆ ಹೆಪ್ಪು ಸತ್ತು ಸಪ್ಪೆಯಾಗುತ್ತೆ. ಕೋಣೆ 30 ಡಿಗ್ರಿ ಇದ್ದರೆ 8 ಗಂಟೆ ಸಾಕು. ತಂಪಿನ ಊರಲ್ಲಿ 12 ಗಂಟೆಯೂ ಬೇಕಾದೀತು. ರಾಯಚೂರು, ಕಲಬುರಗಿ ಕಡೆಯ ಮೇ ತಿಂಗಳ ಸೆಕೆಗೆ ಹೆಪ್ಪು ಹಾಕದೇ ಇಟ್ಟರೂ ಬೆಳಗಾಗೋದ್ರಲ್ಲಿ ಹುಳಿ ಬಂದಿರುತ್ತೆ. ಮಣ್ಣಿನ ಮಡಕೆ ಅಥವಾ ಸ್ಟೀಲ್ ಪಾತ್ರೆ ಇರಲಿ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಬೇಡ, ಹುಳಿಗೆ ಲೋಹ ಬಿಡುತ್ತೆ. ಬೆಳಿಗ್ಗೆ ಎರಡು ಲೋಟ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ.

ಮೇಲೆ ಬೂಷ್ಟು, ಗುಲಾಬಿ ಚುಕ್ಕೆ, ಸೌಟೆತ್ತಿದರೆ ಲೋಳೆಯ ಎಳೆ ಕಂಡರೆ ಚೆಲ್ಲಿಬಿಡಿ. ಮತ್ತೆ ಕುದಿಸಿ ಉಳಿಸಿಕೊಳ್ಳೋಕೆ ಹೋಗಬೇಡಿ.

ಅಳತೆಗೋಲು:
ಅತ್ತೆಯವರ ವಿಷಯ. ರಾಗಿ ಶುಗರ್‌ಗೆ ಮದ್ದು ಅಂತ ಫಾರ್ವರ್ಡ್ ಓದಿ ದೊಡ್ಡ ಲೋಟ ಕೊಟ್ಟುಬಿಡಬೇಡಿ. ನುಣ್ಣನೆ ಹಿಟ್ಟಿನ ತೆಳು ಗಂಜಿ ಬೇಗ ಜೀರ್ಣವಾಗಿ ಸಕ್ಕರೆ ಬೇಗ ಏರಿಸಬಹುದು. ಮೊಳಕೆ ಹಿಟ್ಟಾದರೆ ಇನ್ನೂ ಬೇಗ, ಮೊಳೆಯುವಾಗಲೇ ಪಿಷ್ಟದ ಒಂದು ಪಾಲು ಸಕ್ಕರೆಯಾಗಿರುತ್ತೆ. ಮೊಳಕೆ ಬರಿಸದ ಹಿಟ್ಟಿನ ಅಂಬಲಿ ಅರ್ಧ ಲೋಟ, ಜೊತೆಗೆ ಹೆಸರುಕಾಳಿನ ಉಸಲಿ. ಎರಡು ಗಂಟೆ ಬಿಟ್ಟು ಗ್ಲುಕೋಮೀಟರಿನಲ್ಲಿ ನೋಡಿ, ಆ ಅಂಕಿ ಡಾಕ್ಟರಿಗೆ ತೋರಿಸಿ. ಬಿಪಿ ಇದ್ದರೆ ಉಪ್ಪೂ ಕಮ್ಮಿ.

ಇನ್ನೊಂದು ಲೆಕ್ಕ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇರೋದು ನಿಜ. ಆದರೆ ಮೇಲಿನ ಅಳತೆಯಲ್ಲಿ ತಲೆಗೆ ಬರೋದು 15 ಗ್ರಾಂ ಹಿಟ್ಟು, ಅಂದರೆ 50 ಮಿ.ಗ್ರಾಂ ಚಿಲ್ಲರೆ. ಮೂಳೆಯ ಆಸೆಗೆ ಕುಡಿಯೋರು ಮುದ್ದೆಯನ್ನೂ ಬಿಡಬಾರದು.

ತಂಬುಳಿ ತಟ್ಟೆ:
ತಂಬುಳಿಗೆ ದೊಡ್ಡಪತ್ರೆಯಿಂದ ಶುರು ಮಾಡಿ. 12-15 ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಇವನ್ನು ತುಪ್ಪದಲ್ಲಿ ಎಲೆ ಮುದುಡುವವರೆಗೆ ಬಾಡಿಸಿ. ಪೂರ್ತಿ ತಣಿದ ಮೇಲೆ ಎರಡು ಚಮಚ ಕಾಯಿತುರಿ ಜೊತೆ ರುಬ್ಬಿ, ಒಂದೂವರೆ ಲೋಟ ಮಜ್ಜಿಗೆಗೆ ಬೆರೆಸಿ. ಬಿಸಿ ಇರುವಾಗ ಬೆರೆಸಿದರೆ ಮಜ್ಜಿಗೆ ಒಡೆಯುತ್ತೆ. ಕಾಯಿ ಬಿದ್ದದ್ದು ಸೆಕೆಗೆ ಸಂಜೆವರೆಗೆ ನಿಲ್ಲಲ್ಲ, ಆ ಹೊತ್ತಿನದ್ದು ಆ ಹೊತ್ತಿಗೇ.

ಒಂದೆಲಗ ಹಸಿಯಾಗೇ ರುಬ್ಬೋ ಸೊಪ್ಪು, ಬೆಳೆಯೋದು ನೀರು ನಿಂತ ಕಡೆ. ಚರಂಡಿ ಪಕ್ಕದ್ದನ್ನು ಎಷ್ಟು ತೊಳೆದರೂ ನಂಬಬೇಡಿ. ಕುಂಡದಲ್ಲಿ ಒಂದು ಬಳ್ಳಿ ಊರಿ, ಪಾತ್ರೆ ತೊಳೆದ ಸೋಪಿನ ನೀರು ಬಿಡದೆ ಅಕ್ಕಿ ತೊಳೆದ ನೀರು ಹಾಕಿ.

ಹಿತ್ತಲಬಾಗಿಲು:
ಹೆಪ್ಪನ್ನ ಒಲೆಯಿಂದ ಇಳಿಸಿದ ಕೂಡಲೇ ಹಾಕ್ತಿದ್ದದ್ದು, ಸಪ್ಪೆ ಯಾಕೆ ಅಂತ ಈಗ ಗೊತ್ತಾಯ್ತು. ಹುಳಿ ಜಾಸ್ತಿಯಾಗಿದ್ದನ್ನ ಏನು ಮಾಡೋದು?

ಮಡಕೆ:
ಬೂಷ್ಟಿಲ್ಲದಿದ್ದರೆ ಮಜ್ಜಿಗೆ ಬದಲು ರವೆ ದೋಸೆ ಹಿಟ್ಟಿಗೆ ಸುರಿದು ಕಲಸಿ.