ಹೊಸಬರ ಕಂಪ್ಯೂಟರಿಗೆ ಯಾವ ಟಾಸ್ಕ್? ಬೋಯಿಂಕ್ ಹಾಕಿ ಒಂದು ತಿಂಗಳಾಯ್ತು, ಒಂದೂ ಮುಗಿದಿಲ್ಲ

ಟ್ಯೂಷನ್_ಮೇಷ್ಟ್ರು, ದಾವಣಗೆರೆ
ತಲೆ ಕೆಟ್ಟುಹೋಗಿದೆ. ನಮ್ಮ ಟ್ಯೂಷನ್ ಮನೆಯ ಆರು ಕಂಪ್ಯೂಟರಿಗೆ ಬೋಯಿಂಕ್ (ಕಂಪ್ಯೂಟರಿನ ಬಿಡುವಿನ ಶಕ್ತಿಯನ್ನು ವಿಜ್ಞಾನದ ಲೆಕ್ಕಗಳಿಗೆ ಕೊಡುವ ತಂತ್ರಾಂಶ) ಹಾಕಿ ಪ್ರೈಮ್‌ಗ್ರಿಡ್ ಯೋಜನೆಗೆ ಸೇರಿಸಿದೆ. ಗಣಿತದ ಮಕ್ಕಳು, ಅವಿಭಾಜ್ಯ ಸಂಖ್ಯೆ ಹುಡುಕಲಿ ಅಂತ. ತಿಂಗಳಾಯ್ತು, ಅವರು ಕಳಿಸಿದ ಲೆಕ್ಕದ ಒಂದು ತುಂಡೂ, ಅಂದರೆ ಒಂದು ಟಾಸ್ಕೂ ಮುಗಿದಿಲ್ಲ. ಶೇಕಡಾ 4, 5, ಅಷ್ಟೇ. "ಉಳಿದ ಸಮಯ" ಇಳಿಯುವ ಬದಲು ಏರುತ್ತಿದೆ. ಎರಡಕ್ಕೆ ಗಡುವೂ ಮೀರಿತು. ಮಕ್ಕಳು ದಿನಾ ಕೇಳುತ್ತಾರೆ, "ಸರ್, ನಮ್ಮ ಪಾಯಿಂಟ್ ಎಷ್ಟಾಯ್ತು?" ಸೊನ್ನೆ. ಸೆಟ್ಟಿಂಗ್ ಎಲ್ಲ ಸರಿಯಾಗಿದೆ. ಸಿಸ್ಟಮ್‌ಗಳೂ ಚೆನ್ನಾಗಿವೆ. ಮತ್ತೇನು ಸಮಸ್ಯೆ?

ಕಲ್ಲಿನಕೋಟೆ, ಚಿತ್ರದುರ್ಗ
ಬಿಸಿ. ಬೇರೇನೂ ಅಲ್ಲ. ಪ್ರೈಮ್‌ಗ್ರಿಡ್ ಪ್ರೊಸೆಸರನ್ನು ಹಿಂಡುವಷ್ಟು ಬೇರೆ ಯಾವುದೂ ಹಿಂಡುವುದಿಲ್ಲ. ಏಪ್ರಿಲ್ ಬಿಸಿಲು ಬೇರೆ. ಬಿಸಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್ ತೆಗೆದು, ಬಿಸಿ ಸಾಗಿಸುವ ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚಿ.

ಬೆಣ್ಣೆದೋಸೆ, ದಾವಣಗೆರೆ
ಮೇಷ್ಟ್ರೇ, "ಚೆನ್ನಾಗಿವೆ" ಅಂದರೆ ಯಾವ ಪ್ರೊಸೆಸರ್? ರ‍್ಯಾಮ್ ಎಷ್ಟು? ಪ್ರೈಮ್‌ಗ್ರಿಡ್ ಒಳಗೆ ಯಾವ ಉಪಯೋಜನೆ ಟಿಕ್ ಮಾಡಿದ್ದೀರಿ?

ಟ್ಯೂಷನ್_ಮೇಷ್ಟ್ರು
ಪೇಸ್ಟ್ ತಂದು ಆರಕ್ಕೂ ಹಚ್ಚಿದೆ. ಭಾನುವಾರ ಪೂರ್ತಿ ಅದೇ ಆಯ್ತು. 91 ಡಿಗ್ರಿ ಇದ್ದದ್ದು 72ಕ್ಕೆ ಬಂತು. ಟಾಸ್ಕ್ ಮಾತ್ರ ಹಾಗೇ ಇದೆ.

ಕಲ್ಲಿನಕೋಟೆ
ನೋಡಿದ್ರಾ, 19 ಡಿಗ್ರಿ ಇಳಿಯಿತು! ಜಾಸ್ತಿ ಹಚ್ಚಿರಬೇಕು ನೀವು. ಕಡಲೆಕಾಳಿನಷ್ಟು ಸಾಕು. ಜೊತೆಗೆ ಬೋಯಿಂಕ್ ಸೆಟ್ಟಿಂಗಿನಲ್ಲಿ ಸಿಪಿಯು ಟೈಮ್ 50% ಮಾಡಿ.

ವಾಣಿವಿಲಾಸ, ಹಿರಿಯೂರು
ದಯವಿಟ್ಟು ಬೇಡ. ಸಿಪಿಯು ಟೈಮ್ ಇಳಿಸಿದರೆ ಟಾಸ್ಕ್ ಸ್ವಲ್ಪ ಓಡಿ, ಸ್ವಲ್ಪ ನಿಂತು, ಮತ್ತೆ ಓಡುತ್ತದೆ. ಫ್ಯಾನ್ ಉಯ್ ಅಂತ ಏರಿ ಇಳಿಯುತ್ತಲೇ ಇರುತ್ತದೆ. ಇಳಿಸಬೇಕಾದದ್ದು ಕೋರ್‌ಗಳ ಶೇಕಡಾವಾರು. ಅದು ಬೇರೆ ಡಬ್ಬಿ.

ಕಲ್ಲಿನಕೋಟೆ
ಆರು ವರ್ಷದಿಂದ ಹೀಗೇ ಓಡಿಸುತ್ತಿದ್ದೇನೆ ಸಾರ್. ಜೋಗಿಮಟ್ಟಿ ರಸ್ತೆ ಮನೆಯಲ್ಲಿ ರೈಜೆನ್ 5950ಎಕ್ಸ್, 16 ಕೋರ್, 32 ಥ್ರೆಡ್, ದೊಡ್ಡ ಗಾಳಿ ಕೂಲರ್. ಒಂದು ಎರರ್ ಇಲ್ಲ.

ವಾಣಿವಿಲಾಸ
16 ಕೋರ್ ಇದ್ದವರಿಗೆ ಯಾವ ಸೆಟ್ಟಿಂಗಾದರೂ ನಡೆಯುತ್ತದೆ.

ಹರಿಹರ_ಸೇತುವೆ
ಕರೆಂಟ್ ಬಿಲ್ ಎಷ್ಟು ಬರುತ್ತೆ ಅಣ್ಣಾ ಅದಕ್ಕೆ? 200 ವ್ಯಾಟ್ ಅಂತ ಹಿಡಿದರೂ ದಿನವಿಡೀ ಓಡಿದರೆ ತಿಂಗಳಿಗೆ 144 ಯೂನಿಟ್. ಗೃಹಜ್ಯೋತಿಯ 200 ಯೂನಿಟ್‌ನಲ್ಲಿ ಮನೆಗೆ ಏನು ಉಳಿಯಿತು?

ಕಲ್ಲಿನಕೋಟೆ
ಮೇಲೆ ಸೋಲಾರ್ ಇದೆ. ಫೋಟೋ ಹಾಕಲಾ?

ಬೆಣ್ಣೆದೋಸೆ
ಬೇಡ. ಮೇಷ್ಟ್ರೇ, ನನ್ನ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ಇನ್ನೊಂದು ಸೇರಿಸುತ್ತೇನೆ: ದಿನಕ್ಕೆ ಎಷ್ಟು ಗಂಟೆ ಆನ್ ಇರುತ್ತವೆ?

ಟ್ಯೂಷನ್_ಮೇಷ್ಟ್ರು
ಟ್ಯೂಷನ್ ಸಮಯದಲ್ಲಿ ತಾನೇ? ಸಂಜೆ 6ರಿಂದ 8. ಆಮೇಲೆ ಅಮ್ಮ ಮೇನ್ ಸ್ವಿಚ್ ಆಫ್ ಮಾಡುತ್ತಾರೆ. ಎಲ್ಲ ಎರಡನೇ ಕೈ ಸಿಸ್ಟಮ್, ಎರಡನೇ ತಲೆಮಾರಿನ ಐ3, 4 ಜಿಬಿ. ಟಿಕ್ ಮಾಡಿದ್ದು ಸೆವೆಂಟೀನ್ ಆರ್ ಬಸ್ಟ್ ಒಂದೇ. ದೊಡ್ಡ ಟಾಸ್ಕಿಗೆ ಬೋನಸ್ ಪಾಯಿಂಟ್ ಇದೆ ಅಂತ ಓದಿದ್ದೆ. ನೆಟ್ ಆಗಾಗ ಹೋಗುವುದರಿಂದ 10 ದಿನದ ಕೆಲಸ ಸ್ಟಾಕ್ ಇಟ್ಟುಕೊಳ್ಳುವಂತೆ ಮಾಡಿದ್ದೇನೆ. ಇದೆಲ್ಲ ಮಾಮೂಲಿ ಅಲ್ವಾ?

ಬೆಣ್ಣೆದೋಸೆ
ಇದನ್ನು ಮೊದಲ ದಿನವೇ ಹೇಳಿದ್ದರೆ ನಿಮ್ಮ ಭಾನುವಾರ ಉಳಿಯುತ್ತಿತ್ತು!

ಸೆವೆಂಟೀನ್ ಆರ್ ಬಸ್ಟ್ ಅಲ್ಲಿನ ಭಾರೀ ಕೆಲಸಗಳಲ್ಲಿ ಒಂದು. 78557 ಎಂಬುದು ಸಿಯರ್‌ಪಿನ್‌ಸ್ಕಿ ಸಂಖ್ಯೆ (2ರ ಯಾವ ಘಾತದಿಂದ ಗುಣಿಸಿ 1 ಕೂಡಿದರೂ ಅವಿಭಾಜ್ಯ ಸಿಗದ ಬೆಸ ಸಂಖ್ಯೆ) ಎಂದು 1962ರಲ್ಲಿ ಗಣಿತಜ್ಞ ಸೆಲ್ಫ್ರಿಜ್ ಸಾಧಿಸಿದರು. ಅದಕ್ಕಿಂತ ಚಿಕ್ಕದು ಇಲ್ಲ ಎಂದು ತೋರಿಸಲು 2002ರಲ್ಲಿ ಈ ಯೋಜನೆಯವರು 17 ಸಂಖ್ಯೆ ಹಿಡಿದು, ಪ್ರತಿಯೊಂದಕ್ಕೂ ಅಂಥ ಒಂದು ಅವಿಭಾಜ್ಯ ಹುಡುಕಲು ಹೊರಟರು. ಇನ್ನೂ 5 ಉಳಿದಿವೆ. 2016ರಲ್ಲಿ 10223ಕ್ಕೆ ಅವಿಭಾಜ್ಯ ಸಿಕ್ಕಾಗ ಆ ಅವಿಭಾಜ್ಯ ಸಂಖ್ಯೆಗೆ 93,83,761 ಅಂಕಿಗಳು. ಈಗ ಪರೀಕ್ಷೆ ಮಾಡುತ್ತಿರುವುದು ಅದಕ್ಕಿಂತಲೂ ದೊಡ್ಡವನ್ನು. ಮಕ್ಕಳಿಗೆ ಹೇಳಲು ಚೆಂದದ ಕಥೆ, ಹಳೇ ಐ3ಗೆ ಎರಡು ಗಂಟೆಯಲ್ಲಿ ಎಳೆಯುವ ಭಾರ ಅಲ್ಲ. ಮೊದಲ ದಿನವೇ ಬಂಡಿಗೆ ಕರು ಕಟ್ಟಿದ ಹಾಗೆ.

ಪ್ರೈಮ್‌ಗ್ರಿಡ್ ಸೈಟಿನಲ್ಲಿ ಅದರ ಟಿಕ್ ತೆಗೆಯಿರಿ, ಪಿಪಿಎಸ್‌ಇ (ಪ್ರೋತ್ ಪ್ರೈಮ್ ಸರ್ಚ್ ಎಕ್ಸ್‌ಟೆಂಡೆಡ್) ಎಂಬ ಉಪಯೋಜನೆ ಒಂದೇ ಇಡಿ. ಚಿಕ್ಕ ಟಾಸ್ಕ್. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಕೂತಲ್ಲೇ ಮುಗಿದಿತ್ತು. ಆಮೇಲೆ ಪ್ರತಿ ಕಂಪ್ಯೂಟರಿನಲ್ಲೂ ಬೋಯಿಂಕ್ ತೆರೆದು ಅಪ್‌ಡೇಟ್ ಒತ್ತಬೇಕು. ಈಗಾಗಲೇ ಇಳಿದಿರುವ ಟಾಸ್ಕ್ ತಾನಾಗಿ ಹೋಗುವುದಿಲ್ಲ, ಅಬಾರ್ಟ್ (ರದ್ದು) ಮಾಡಿ. ಸ್ಟಾಕ್ 10 ದಿನ ಬೇಡ, 0.1 ಸಾಕು. ಹೊಸ ಯಂತ್ರದ ವೇಗ ಬೋಯಿಂಕ್‌ಗೆ ಗೊತ್ತಿರುವುದಿಲ್ಲ. ನಾಲ್ಕಾರು ಟಾಸ್ಕ್ ಮುಗಿದ ಮೇಲೆ ಅಂದಾಜು ಹದಕ್ಕೆ ಬರುತ್ತದೆ. ಚಿಕ್ಕದು ಕೊಟ್ಟರೆ ಅದೂ ಬೇಗ.

ವಾಣಿವಿಲಾಸ
ಸ್ವಿಚ್ ಆಫ್ ಮಾಡುವ ಮುಂಚೆ ಬೋಯಿಂಕ್ ಮುಚ್ಚಿ, ವಿಂಡೋಸ್ ಶಟ್‌ಡೌನ್ ಮಾಡಿಸಿ. ಸುಮ್ನೆ ಮೇನ್ ಎಳೆದರೆ ಟಾಸ್ಕ್ ಹಿಂದಿನ ಚೆಕ್‌ಪಾಯಿಂಟಿಗೆ (ಕೊನೆಯದಾಗಿ ಉಳಿಸಿಟ್ಟ ಹಂತಕ್ಕೆ) ಹೋಗುತ್ತದೆ. ಆದರೆ ಪ್ರೈಮ್‌ಗ್ರಿಡ್ಡೇ ಯಾಕೆ? ಹೊಸಬರಿಗೆ ಐನ್‌ಸ್ಟೈನ್ ಅಟ್ ಹೋಮ್ ಕೊಡಿ. ಪಲ್ಸಾರ್ ಎಂಬ, ತಿರುಗುತ್ತಾ ಮಿಡಿಯುವ ನಕ್ಷತ್ರಗಳನ್ನು ಹುಡುಕುತ್ತದೆ.

ಹರಿಹರ_ಸೇತುವೆ
ಪ್ರೋಟೀನ್ ರಚನೆ ಲೆಕ್ಕ ಹಾಕುವ ರೊಸೆಟ್ಟಾ ಕೊಡಿ. ಅದರ ಹಿಂದಿನ ಡೇವಿಡ್ ಬೇಕರ್‌ಗೆ 2024ರಲ್ಲಿ ನೊಬೆಲ್ ಬಂತಲ್ವಾ. ಮಕ್ಕಳಿಗೆ ಹೇಳೋಕೆ ಚೆನ್ನಾಗಿರುತ್ತೆ.

ಬೆಣ್ಣೆದೋಸೆ
ಡೀಫಾಲ್ಟ್ ಓಡುವ ಸಮಯವೇ 8 ಗಂಟೆ ಅದಕ್ಕೆ. ಮೆಮೊರಿಯೂ ಜಾಸ್ತಿ ಕೇಳುತ್ತದೆ. 4 ಜಿಬಿಗೆ ಬೇಡ. ಐನ್‌ಸ್ಟೈನ್ ಆಗಬಹುದು. ಆದರೆ ನಿಮ್ಮ ಫಲಿತಾಂಶ ಇನ್ನೊಬ್ಬರದಕ್ಕೆ ತಾಳೆಯಾಗುವ ತನಕ ಪಾಯಿಂಟ್ ಪೆಂಡಿಂಗ್. ಸೊನ್ನೆ ನೋಡಿ ಸಾಕಾದ ಮಕ್ಕಳಿಗೆ ಮತ್ತೆ ಕಾಯಿಸುವುದಾ?

ಕಲ್ಲಿನಕೋಟೆ
ಅನ್ಯಗ್ರಹ ಜೀವಿಗಳ ಸಂಕೇತ ಹುಡುಕುವ ಸೆಟಿ ಅಟ್ ಹೋಮನ್ನು ನಾನು 1999ರಲ್ಲೇ ಓಡಿಸಿದವನು, ಸೈಬರ್ ಕೆಫೆಯಲ್ಲಿ. 2020ರ ಮಾರ್ಚಿನಲ್ಲಿ ಅವರು ಕೆಲಸ ಕಳಿಸುವುದನ್ನು ನಿಲ್ಲಿಸಿದ ದಿನ ಊಟ ಸೇರಲಿಲ್ಲ.

ವಾಣಿವಿಲಾಸ
ಕೆಫೆಯವರಿಗೆ ಗೊತ್ತಿತ್ತಾ?

ಟ್ಯೂಷನ್_ಮೇಷ್ಟ್ರು
ಹಳೆಯದನ್ನೆಲ್ಲ ಅಬಾರ್ಟ್ ಮಾಡಿ ಪಿಪಿಎಸ್‌ಇ ಹಾಕಿದೆ. ನಿನ್ನೆ ಸಂಜೆ ಪಾಠ ಮುಗಿಯುವುದರೊಳಗೆ ಐದು ಕಂಪ್ಯೂಟರಿನಲ್ಲಿ ಟಾಸ್ಕ್ ಮುಗಿದವು. ಮಕ್ಕಳು ಪಾಯಿಂಟನ್ನು ಬೋರ್ಡ್ ಮೇಲೆ ಬರೆದಿದ್ದಾರೆ, ಒರೆಸಲು ಬಿಡುತ್ತಿಲ್ಲ. ತುಂಬಾ ಥ್ಯಾಂಕ್ಸ್. ಆರನೆಯದು ಮಾತ್ರ ಎರಡೇ ನಿಮಿಷಕ್ಕೆ "ಕಂಪ್ಯುಟೇಶನ್ ಎರರ್" ಅನ್ನುತ್ತಿದೆ. ಬಾಗಿಲ ಪಕ್ಕದಲ್ಲಿರುವುದು.

ಕಲ್ಲಿನಕೋಟೆ
ಫ್ಯಾನ್ ತಿರುಗುತ್ತಿದೆಯಾ ಅದರದ್ದು?

ಟ್ಯೂಷನ್_ಮೇಷ್ಟ್ರು
ಕ್ಯಾಬಿನೆಟ್ ಮುಚ್ಚಿದೆ. ಸಂಜೆ ನೋಡಿ ಹೇಳುತ್ತೇನೆ.